ಬಚ್ಚಲಿಗೆ ಕಳಿಸಿದ ಗಿಡಗಳು

ಎಲೆಯ ತುದಿಯಿಂದ ಹನ್ನೊಂದು ಮಿಲಿಮೀಟರಿನವರೆಗೆ ಒಣಗಿತ್ತು. ಒಣಗಿದ ಕಂದು ಭಾಗಕ್ಕೂ ಹಸಿರಿಗೂ ನಡುವೆ ದಾರದಷ್ಟು ತೆಳ್ಳಗಿನ ಹಳದಿ ಗೆರೆ. ಪಕ್ಕದಲ್ಲಿ ಮರದ ಅಳತೆಪಟ್ಟಿ. ಅದರ ಸೊನ್ನೆ ಎಲೆಯ ತುದಿಗೆ ಸರಿಯಾಗಿ ಹೊಂದಿಕೊಂಡಿತ್ತು. ಫೋಟೋ ತೆಗೆಯುವಾಗ ಹಾಗೆ ಪಟ್ಟಿ ಇಡಬೇಕೆಂದು ನಾನೇ ಹೇಳಿಕೊಟ್ಟಿದ್ದೆ.

ಫೋಟೋ ಕಳಿಸಿದವರು ನನ್ನ ಕಾಕು, ಅಪ್ಪನ ತಮ್ಮನ ಹೆಂಡತಿ. ಕಾಕಾನ ವಿಮೆ ಕಂಪನಿಯ ನೌಕರಿ ಅವರಿಬ್ಬರನ್ನೂ ಧಾರವಾಡದಿಂದ ಮೊದಲು ಸೂರತ್ತಿಗೆ, ಅಲ್ಲಿಂದ ವಡೋದರಾಕ್ಕೆ ತಂದಿತ್ತು. ನಿವೃತ್ತಿಯ ನಂತರವೂ ಅವರು ಅಲ್ಲಿನ ಮಂಜಲ್‌ಪುರ ಬಡಾವಣೆಯ ಮೂರನೇ ಮಹಡಿಯ ಫ್ಲ್ಯಾಟಿನಲ್ಲೇ ಉಳಿದರು. ಅವರಿಗೆ ಒಬ್ಬಳೇ ಮಗಳು. ನನಗಿಂತ ಆರು ವರ್ಷ ದೊಡ್ಡವಳು, ನಾನು ಅಕ್ಕ ಎನ್ನುತ್ತೇನೆ. ಅವಳು ಸೂರತ್ತಿನ ಉಧ್ನಾದಲ್ಲಿ ಒಂದು ಬಟ್ಟೆ ಗಿರಣಿಯ ಕಚೇರಿಯಲ್ಲಿದ್ದಾಳೆ. ನಾನು ಸಸ್ಯಶಾಸ್ತ್ರ ಓದಿ ಅಹಮದಾಬಾದಿಗೆ ಬಂದವಳು. ಗಾಜಿನ ಬಾಟಲಿಗಳಲ್ಲಿ ಬಾಳೆಯ ಸಸಿ ಬೆಳೆಸುವ ಪ್ರಯೋಗಾಲಯದಲ್ಲಿ ಕೆಲಸ. ಗಿಡದ ವಿಷಯ ಇವಳಿಗೆ ಗೊತ್ತು ಎಂದು ಮನೆಯವರು ತಿಳಿದಿದ್ದರು. ನಾನೂ ಹಾಗೆಯೇ ತಿಳಿದಿದ್ದೆ.

ಕಾಕು ಈಗ ಕೈಯಲ್ಲಿ ಚಮಚ ಹಿಡಿದು ಅದನ್ನು ಏನು ಮಾಡಬೇಕೆಂದು ತಿಳಿಯದೆ ಕೂರುತ್ತಾರೆ. ಆ ಫೋಟೋಗಳನ್ನು ನೋಡಿ ನಾನು ಹೇಳಿದ ಒಂದು ಮಾತಿನಿಂದ ಹಾಗಾಯಿತು. ಅದು ಗೊತ್ತಿದ್ದವರು ನಾವಿಬ್ಬರೇ. ಕಾಕುವಿಗೆ ನೆನಪು ಹೋಯಿತು. ನಾನು ಆರು ವಾರ ಸುಮ್ಮನಿದ್ದೆ.

ತುದಿ ಕಂದಾಗುವುದು ರೋಗವಲ್ಲ, ಲಕ್ಷಣ. ಬೇರಿನಿಂದ ಹೊರಟ ನೀರು ಕಟ್ಟಕಡೆಗೆ ಮುಟ್ಟುವ ಜಾಗ ಎಲೆಯ ತುದಿ. ನೀರು ಸಾಲದಿದ್ದರೆ ಮೊದಲು ಅಲ್ಲಿ ಕಾಣುತ್ತದೆ. ನೀರಿನ ಜೊತೆ ಉಪ್ಪು ಬಂದರೆ, ನೀರು ಆರಿ ಉಪ್ಪು ಅಲ್ಲೇ ಉಳಿದು ಎಲೆಯನ್ನು ಸುಡುತ್ತದೆ. ಹಾಗಾಗಿ ಎಲೆಯನ್ನು ನೋಡುವುದಕ್ಕಿಂತ ಮೊದಲು ನೀರು ಎಲ್ಲಿಯದು ಎಂದು ಕೇಳಬೇಕು. ಕೇಳಿದೆ. ಆರ್‌ಓ ಯಂತ್ರ ಶುದ್ಧ ನೀರನ್ನು ಒಂದು ಕಡೆ ಕೊಟ್ಟು ಉಪ್ಪಿನ ನೀರನ್ನು ಇನ್ನೊಂದು ಕೊಳವೆಯಿಂದ ಹೊರಗೆ ಬಿಡುತ್ತದಲ್ಲ, ಆ ಹೊರಬಿಟ್ಟ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಗಿಡಕ್ಕೆ ಹಾಕುವುದು ಆ ಕಟ್ಟಡದ ಮನೆಮನೆಯ ರೂಢಿ. ಕಾಕುವೂ ಅದನ್ನೇ ಹಾಕುತ್ತಿದ್ದರು. ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕೂತಿದೆಯೇ ಎಂದೆ. ಉಗುರಿನಿಂದ ಕೆರೆದು ಫೋಟೋ ಕಳಿಸಿದರು. ಕೂತಿತ್ತು.

ಆ ನೀರು ಬೇಡ ಎಂದಾಗ ಅವರಿಗೆ ಸಂಕಟವಾಯಿತು. "ಚೆಲ್ಲಲಿಕ್ಕ ಮನಸ್ಸ ಬರೂದಿಲ್ಲವಾ. ನೆಲಾ ಒರಸಲಿಕ್ಕರೆ ಇಟ್ಕೋತೀನಿ," ಅಂದರು. ನಲ್ಲಿಯ ನೀರನ್ನು ಕುಂಡದ ತಳದಿಂದ ಹರಿದುಹೋಗುವಷ್ಟು ಮೂರು ಸಲ ಹಾಯಿಸಿ ಮಣ್ಣಿನ ಉಪ್ಪು ತೊಳೆದರು. ಒಣಗಿದ ತುದಿಗಳನ್ನು ಎಲೆಯ ಆಕಾರಕ್ಕೇ ಕತ್ತರಿಸಿ, ಹಸಿರಿಗೆ ಕತ್ತರಿ ತಾಗದ ಹಾಗೆ ಕೂದಲಷ್ಟು ಕಂದು ಉಳಿಸಬೇಕೆಂದು ಹೇಳಿದ್ದನ್ನೂ ಮಾಡಿದರು. ನಾನು ಹೇಳಿದ್ದನ್ನು ಅವರು ಯಾವತ್ತೂ ಅರ್ಧ ಮಾಡಲಿಲ್ಲ.

ನವೆಂಬರಿನ ಹೊತ್ತಿಗೆ ಹುಲ್ಲಿನಂಥ ಉದ್ದ ಎಲೆಯ ಎರಡು ಸ್ಪೈಡರ್ ಪ್ಲಾಂಟುಗಳ ತುದಿ ಸುಡುವುದು ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ಬಿಳಿ ಹೂವಿನ ಪೀಸ್ ಲಿಲಿಯ ಅಂಚುಗಳು ಇನ್ನೂ ಗರಿಗರಿ ಒಣಗುತ್ತಿದ್ದವು. ಡಿಸೆಂಬರಿನಲ್ಲಿ ಗುಜರಾತಿನ ಉತ್ತರದ ಗಾಳಿ ತುಟಿಯನ್ನೂ ಹಿಮ್ಮಡಿಯನ್ನೂ ಒಡೆಯುತ್ತದೆ, ಎಲೆಯನ್ನು ಬಿಡುತ್ತದೆಯೇ? ನೀರಿನ ದೋಷ ಹೋಯಿತು, ಇನ್ನು ಉಳಿದದ್ದು ಗಾಳಿಯದು ಎಂದು ತೀರ್ಮಾನಿಸಿದೆ. ಅದೂ ಸರಿಯಾದ ತೀರ್ಮಾನವೇ. ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಪ್ರಯೋಗಾಲಯದ ಮೆಟ್ಟಿಲ ಮೇಲೆ ನಿಂತು ಧ್ವನಿ ಸಂದೇಶ ಕಳಿಸಿದೆ.

"ಬಚ್ಚಲದಾಗ ಇಡ್ರಿ ಕಾಕು. ಅಲ್ಲೆ ಬೆಳಕೂ ಅದ, ಉಗಿನೂ ಅದ. ಮ್ಯಾಲಿನ ಕಿಂಡಿ ಮುಚ್ಚಿಬಿಡ್ರಿ, ಒಣಾ ಗಾಳಿ ಒಳಗ ಬರಬಾರದು."

ಆ ಬಚ್ಚಲಿನ ಗೋಡೆಗೆ ಗ್ಯಾಸ್ ಗೀಸರ್ ಇತ್ತು. ನಾನು ಅದನ್ನು ನೋಡದವಳಲ್ಲ. ಆ ಮನೆಗೆ ಹೋದಾಗಲೆಲ್ಲ ಅದರ ನೀರಿನಲ್ಲೇ ಸ್ನಾನ ಮಾಡಿದ್ದೇನೆ. ನಲ್ಲಿ ತಿರುಗಿಸಿದರೆ ಟಕಟಕ ಕಿಡಿ ಹಾರಿ, ಸಣ್ಣ ಗಾಜಿನ ಹಿಂದೆ ನೀಲಿ ಉರಿಯ ಸಾಲು ಹೊತ್ತಿಕೊಳ್ಳುತ್ತಿತ್ತು. ಬಚ್ಚಲಿನ ಕಿಟಕಿ ತೆರೆಯಲು ಬಾರದ ಮಂಜುಗಾಜಿನದು. ಗಾಳಿ ಆಡುತ್ತಿದ್ದುದು ಸೂರಿನ ಹತ್ತಿರದ ಆ ಒಂದು ಕಿಂಡಿಯಿಂದ ಮಾತ್ರ. ಇದೆಲ್ಲ ನನಗೆ ತಿಳಿದಿತ್ತು. ಆದರೆ ಆ ಮಧ್ಯಾಹ್ನ ಬಚ್ಚಲೆಂದರೆ ನನ್ನ ತಲೆಯಲ್ಲಿ ತೇವ ಮತ್ತು ಬೆಳಕು, ಅಷ್ಟೇ. ಅಲ್ಲಿ ಒಬ್ಬರು ಬಾಗಿಲು ಹಾಕಿಕೊಂಡು ಉಸಿರಾಡುತ್ತಾರೆ ಎನ್ನುವುದು ಲೆಕ್ಕಕ್ಕೆ ಬರಲಿಲ್ಲ.

ಸಂಜೆಗೆ ಕಾಕುವಿನ ಉತ್ತರ ಬಂತು. ಕಾಕುವಿನ ಗಿಡದ ಹುಚ್ಚನ್ನು ಕಾಕಾ ಯಾವಾಗಲೂ ಹಂಗಿಸುವವರು. "ಗಿಡಕ್ಕ ಥಂಡಿ ಆಗತದ ಅಂದ್ರ ನಿಮ್ಮ ಕಾಕಾ ವರ್ಷಾನಗಟ್ಲೆ ನಗತಾರ. ಅದಕ್ಕ ಪಾರಿವಾಳ ಬರ್ತಾವ ಅಂತ ಹೇಳಿದೆ ನೋಡವಾ. ತಾಸಿನ್ಯಾಗ ಥರ್ಮೋಕೋಲ್ ಕೊರದು ಬಡದ್ರು." ಹೇಳಿ ಅವರು ನಕ್ಕರು. ನಾನೂ ನಕ್ಕೆ. ಕಾಕಾನಿಗೂ ಪಾರಿವಾಳಗಳಿಗೂ ಹಳೆಯ ಜಗಳ. ಪಕ್ಕದ ಕಟ್ಟಡದವರು ಬೆಳಿಗ್ಗೆ ಎದ್ದು ಅವಕ್ಕೆ ಜೋಳ ಹಾಕುತ್ತಾರೆ, ಅವು ತಿಂದು ಬಂದು ಇವರ ಕಿಂಡಿಯಲ್ಲಿ ಕೂರುತ್ತವೆ.

ಜನವರಿಯಲ್ಲಿ ತುದಿಗಳು ಸುಡುವುದು ನಿಂತಿತು. ಕಾಕು ಊರಿಗೆಲ್ಲ ಹೇಳಿಕೊಂಡು ಬಂದರು. ಉತ್ತರಾಯಣದ ಗಾಳಿಪಟಗಳು ಇನ್ನೂ ತಂತಿಗಳಲ್ಲಿ ತೂಗುತ್ತಿದ್ದ ವಾರ ಬೇರೆ ಥರದ ಫೋಟೋಗಳು ಬಂದವು. ಹಳೆಯ ಎಲೆಗಳು ಚೆನ್ನಾಗಿದ್ದವು; ಕೆಟ್ಟಿದ್ದು ಹೊಸದು. ಸ್ಪೈಡರ್ ಪ್ಲಾಂಟಿನ ಸುಳಿಯಿಂದ ಬಂದ ಎಲೆ ಬಿಚ್ಚಿಕೊಳ್ಳದೆ ಕೊಕ್ಕೆಯ ಹಾಗೆ ಒಳಕ್ಕೆ ಬಾಗಿತ್ತು. ಪೀಸ್ ಲಿಲಿಯ ಎಲೆಗಳು ಮಣ್ಣು ಹಸಿಯಿದ್ದರೂ ಜೋತುಬಿದ್ದಿದ್ದವು, ಎರಡು ಮೊಗ್ಗು ಅರಳುವ ಮೊದಲೇ ಕಂದಾಗಿದ್ದವು.

ಹೊಸ ಚಿಗುರು ಕೆಟ್ಟರೆ ಕಾರಣಗಳ ಪಟ್ಟಿಯೇ ಬೇರೆ. ನುಸಿ ಇರಬಹುದು, ಎಲೆಯ ಕೆಳಗೆ ಬಿಳಿ ಹಾಳೆ ಹಿಡಿದು ತಟ್ಟಿ ನೋಡಿ ಎಂದೆ. ತಟ್ಟಿದರು, ಏನೂ ಬೀಳಲಿಲ್ಲ. ಗೊಬ್ಬರ ಹೆಚ್ಚಾಗಿರಬಹುದು, ಅವರು ಹಾಕಿರಲಿಲ್ಲ. ಬೆಳಕು ಕಡಿಮೆಯಾದರೆ ಎಲೆ ಉದ್ದವಾಗುತ್ತದೆಯೇ ಹೊರತು ಹೀಗೆ ಮುದುರುವುದಿಲ್ಲ. ಕೊನೆಗೆ ಉಳಿದದ್ದು ಬೇರು ಕೊಳೆಯುವುದು. ಹದಿನೈದು ದಿನ ನೀರು ಕಡಿಮೆ ಮಾಡಿ ಎಂದು ಬರೆದೆ.

ಪಟ್ಟಿಯಲ್ಲಿ ಇನ್ನೊಂದು ಕಾರಣವಿದೆ, ಹೊಗೆ. ಗ್ಯಾಸು ಸರಿಯಾಗಿ ಉರಿಯದಿದ್ದಾಗ ಹೊರಡುವ ಅನಿಲಗಳಲ್ಲಿ ಎಥಿಲೀನ್ ಇರುತ್ತದೆ. ಗಾಳಿಯಲ್ಲಿ ಅದು ಲವಲೇಶವಿದ್ದರೂ ಚಿಗುರು ಮುದುರುತ್ತದೆ, ಎಲೆ ಜೋಲುತ್ತದೆ, ಮೊಗ್ಗು ಒಣಗುತ್ತದೆ. ಪದವಿ ಪರೀಕ್ಷೆಯಲ್ಲಿ ಇದರ ಮೇಲೆ ನಾನು ಮೂರು ಪುಟ ಬರೆದಿದ್ದೆ. ಮಾಗುವ ಹಣ್ಣಿನಿಂದಲೂ ಅದೇ ಅನಿಲ ಬರುವುದರಿಂದ ನಮ್ಮ ಪ್ರಯೋಗಾಲಯದ ಸಸಿಗಳ ಕೋಣೆಗೆ ಬಾಳೆಹಣ್ಣು, ಚಿಕ್ಕು ತರಬಾರದು ಎಂದು ಬಾಗಿಲಿಗೆ ಚೀಟಿ ಅಂಟಿಸಿದ್ದೇವೆ. ಚೀಟಿಯ ಅಕ್ಷರ ನನ್ನದು. ದಿನಕ್ಕೆ ಆರೇಳು ಸಲ ಅದನ್ನು ದಾಟಿ ಒಳಗೆ ಹೋಗುತ್ತೇನೆ.

ಆ ಫೋಟೋಗಳ ಜೊತೆ ಕಾಕುವಿನ ಧ್ವನಿಯೂ ಇತ್ತು. "ಇವಕ್ಕ ಬಚ್ಚಲ ಹಿಡಿಸಿಲ್ಲ ನೋಡವಾ. ನನಗೂ ಹಿಡಿಸಿಲ್ಲ. ಮೈ ತೊಳ್ಕೊಂಡು ಬಂದ್ರ ತಲಿ ಸಿಡೀತದ, ಒಂದ ತಾಸ ಮಲಗಬೇಕು. ಗಿಡಕ್ಕರೆ ಡಾಕ್ಟರಿಣಿ ಇದ್ದಾಳ, ನನಗ್ಯಾರು?"

ಗಿಡದ ಬಗ್ಗೆ ನಾನು ಹನ್ನೆರಡು ಸಾಲು ಬರೆದಿದ್ದೆ. ಅವರ ಬಗ್ಗೆ ಒಂದು ಸಾಲು: ಬಿ.ಪಿ. ತೋರಿಸ್ರಿ ಕಾಕು.

ಒಂಬತ್ತು ದಿನಗಳ ನಂತರ ಭಾನುವಾರ. ತಲೆಸ್ನಾನದ ದಿನ, ಕಾಕುವಿಗೆ ಹೊತ್ತು ಹಿಡಿಯುತ್ತಿತ್ತು. ಕಾಕಾ ಹೊರಗೆ ಪೇಪರ್ ಓದುತ್ತಿದ್ದರು. ನೀರಿನ ಸದ್ದು ನಿಲ್ಲಲೇ ಇಲ್ಲ. ಅರ್ಧ ಗಂಟೆ ಕಳೆದ ಮೇಲೆ ಅವರಿಗೆ ಅನುಮಾನ ಬಂದು ಬಾಗಿಲು ಬಡಿದರು. ಎದುರು ಮನೆಯ ಗುಜರಾತಿ ಗಂಡಹೆಂಡತಿ ಬಂದು, ಮೂವರೂ ಸೇರಿ ಚಿಲಕ ಮುರಿದರು. ಕಾಕು ಮಣೆಯಿಂದ ಜಾರಿ ಗೋಡೆಗೆ ಒರಗಿದ್ದರು. ಮುಖ ಕೆಂಪಗೆ ಆರೋಗ್ಯವಾಗಿದ್ದ ಹಾಗೆ ಕಂಡಿತು ಎಂದು ಕಾಕಾ ಆಮೇಲೆ ಎಲ್ಲರಿಗೂ ಹೇಳಿದರು. ಅದನ್ನೇ ಮತ್ತೆ ಮತ್ತೆ ಹೇಳಿದರು.

ನನಗೆ ಫೋನ್ ಮಾಡಿದ್ದು ಅಪ್ಪ. ಬಚ್ಚಲು, ಗೀಸರ್ ಎಂಬ ಎರಡು ಶಬ್ದ ಕೇಳಿದ ಮೇಲೆ ಉಳಿದದ್ದು ಕೇಳಬೇಕಾಗಿರಲಿಲ್ಲ. ವಡೋದರಾದ ಬಸ್ಸಿನಲ್ಲಿ, ಆಣಂದ್ ದಾಟಿದ ಮೇಲೆ, ಫೋನ್ ತೆಗೆದು ಆ ಕೊಕ್ಕೆಯಂಥ ಎಲೆಯನ್ನು ದೊಡ್ಡದು ಮಾಡಿ ನೋಡಿದೆ. ಹೊಗೆ ಬಿಟ್ಟರೆ ಅದಕ್ಕೆ ಬೇರೆ ಯಾವ ಹೆಸರೂ ಇರಲಿಲ್ಲ. ಒಂಬತ್ತು ದಿನ ಮೊದಲೂ ಇರಲಿಲ್ಲ.

ಗೀಸರಿನ ಉರಿಯಿಂದ ಹೊರಟ ಕಾರ್ಬನ್ ಮೊನಾಕ್ಸೈಡ್ ರಕ್ತಕ್ಕೆ ಸೇರಿದ್ದರಿಂದ ಆಸ್ಪತ್ರೆಯಲ್ಲಿ ಕಾಕುವಿಗೆ ಆಮ್ಲಜನಕ ಕೊಡುತ್ತಿದ್ದರು. ಅಕ್ಕ ಸೂರತ್ತಿನಿಂದ ನನಗಿಂತ ಮೊದಲೇ ಬಂದಿದ್ದಳು. ಮನೆಯಲ್ಲಿ ಗೀಸರ್ ನೋಡಿದ ಮೆಕ್ಯಾನಿಕ್ ಅದರಲ್ಲಿ ದೋಷವಿಲ್ಲ, ಕಿಂಡಿಯನ್ನೇ ಮುಚ್ಚಿದರೆ ಅದೇನು ಮಾಡೀತು ಎಂದು ಹೇಳಿ ಹೋಗಿದ್ದ. ಯಾರು ಮುಚ್ಚಿದ್ದು ಎಂದು ಅಕ್ಕ ಕಾರಿಡಾರಿನಲ್ಲಿ ನಿಂತು ಕೇಳಿದಳು.

"ನಾನ ಮುಚ್ಚಿದ್ದು," ಅಂದರು ಕಾಕಾ. "ಪಾರಿವಾಳದ ಸಲುವಾಗಿ."

ನಾನು ಅವರಿಬ್ಬರಿಂದ ಎರಡು ಹೆಜ್ಜೆ ದೂರದಲ್ಲಿದ್ದೆ. ಆಗ ಹೇಳುವುದು ಸುಲಭವಿತ್ತು. ಒಂದು ವಾಕ್ಯ ಸಾಕಿತ್ತು. ಕಾಕು ಎದ್ದ ಮೇಲೆ ಅವರೇ ಹೇಳುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ.

ಕಾಕು ಎದ್ದರು. ನಾಲ್ಕನೇ ದಿನ ಮನೆಗೆ ಬಂದು, ಚಹಾಕ್ಕೆ ಸಕ್ಕರೆ ಕಡಿಮೆಯಾಯಿತು ಎಂದು ಕಾಕಾನನ್ನು ಗದರಿಸುವಷ್ಟು ಸರಿಯಾದರು. ಆ ಬೆಳಗಿನದಾಗಲಿ ಕಿಂಡಿಯದಾಗಲಿ ಸುದ್ದಿ ಎತ್ತಿದರೆ ಏನೂ ನೆನಪಿಲ್ಲ ಎನ್ನುತ್ತಿದ್ದರು. ನಾನೂ ಹೆಚ್ಚು ಎತ್ತಲಿಲ್ಲ. ಎರಡೂವರೆ ವಾರ ಹೀಗೆ ನಡೆಯಿತು. ಆಮೇಲೆ ಒಂದು ದಿನ ಸೀರೆಯ ನೆರಿಗೆ ಹಿಡಿದು ನಿಂತವರು ಮುಂದೇನು ಎಂದು ತಿಳಿಯದೆ ಹಾಗೆಯೇ ನಿಂತರು. ಹೆಜ್ಜೆಗಳು ಗೇಣುದ್ದವಾದವು. ಮಾತು ನಿಧಾನವಾಯಿತು, ನಡುವೆ ನಿಂತುಹೋಗತೊಡಗಿತು. ಆ ಅನಿಲದ ವಿಷ ಕೆಲವರಲ್ಲಿ ಹೀಗೆ ಬಿಟ್ಟುಹೋದ ಹಾಗೆ ಮಾಡಿ ಮತ್ತೆ ಬರುತ್ತದೆ, ನೆನಪು ಮಾತು ಎಷ್ಟು ಮರಳುತ್ತದೆ ಎಂದು ಹೇಳಲಾಗದು ಎಂದರು ಡಾಕ್ಟರು.

ಗಿಡಗಳನ್ನು ಕಾಕಾ ಮೆಟ್ಟಿಲ ಬಳಿ ಇಟ್ಟಿದ್ದರು. ಫೆಬ್ರವರಿಯ ಕೊನೆಗೆ ನಾನು ಹೋದಾಗ ಸ್ಪೈಡರ್ ಪ್ಲಾಂಟಿನಲ್ಲಿ ಹೊಸ ಎಲೆಗಳು ನೆಟ್ಟಗೆ, ನಯವಾಗಿ ಬಂದಿದ್ದವು. ಗಾಳಿ ಸರಿಹೋದರೆ ಗಿಡಕ್ಕೆ ಮೂರು ವಾರ ಸಾಕು. ನನ್ನ ರೋಗನಿರ್ಣಯಕ್ಕೆ ಇನ್ನೇನೂ ಪುರಾವೆ ಬೇಕಾಗಿರಲಿಲ್ಲ.

ಅಕ್ಕ ಕಾಕಾನ ಜೊತೆ ಮಾತು ಬಿಟ್ಟಿದ್ದಳು. ನನಗೆ ಮಾತ್ರ ವಾರಕ್ಕೆರಡು ಸಲ ಫೋನ್ ಮಾಡುತ್ತಿದ್ದಳು. ಅವಳು ಗುಜರಾತಿನಲ್ಲೇ ಹುಟ್ಟಿ ಬೆಳೆದವಳು. ಅವಳ ಕನ್ನಡ ನಾಲ್ಕು ಮಾತಿಗೆ ಮುಗಿದು ಹಿಂದಿಗೆ ಹೊರಳುತ್ತದೆ. ಕಬೂತರ್‌ಗಾಗಿ, ಅಂದರೆ ಪಾರಿವಾಳಕ್ಕಾಗಿ, ಹೆಂಡತಿಯನ್ನು ಕೊಲ್ಲಲು ಹೊರಟವರು ಎಂದು ಒಮ್ಮೆ ಹೇಳಿದಳು. ಅದೇ ಮಾತನ್ನು ಅವರ ಎದುರಿಗೇ ಹೇಳಿದ್ದೇನೆ ಎಂದೂ ಸೇರಿಸಿದಳು. ನಾನು ಹೂಂ ಎಂದೆ. ಆ ಆರು ವಾರಗಳಲ್ಲಿ ನಾನು ಎಷ್ಟು ಸಲ ಹೂಂ ಎಂದೆನೋ ಗೊತ್ತಿಲ್ಲ.

ಮಾರ್ಚಿನ ಒಂದು ಶನಿವಾರ ಅವಳು ಕಾಕುವನ್ನು ಸೂರತ್ತಿಗೆ ಕರೆದೊಯ್ಯಲು ಬಂದಳು. ಸಾಮಾನು ಕಟ್ಟಲು ನನ್ನನ್ನೂ ಕರೆದಳು. ಸಂಜೆ ನಾನು ಒಳಗೆ ಹೋದಾಗ ಕಾಕಾ ಕಿತ್ತಳೆಯ ತೊಳೆಗಳ ಬಿಳಿ ನಾರು ತೆಗೆದು, ಬೀಜ ತೆಗೆದು, ಒಂದೊಂದೇ ಕಾಕುವಿನ ಬಾಯಿಗೆ ಇಡುತ್ತಿದ್ದರು. ಪ್ರತಿ ತೊಳೆಗೂ "ನುಂಗು" ಎಂದು ಮೆಲ್ಲಗೆ ಹೇಳಬೇಕಾಗಿತ್ತು. ಹೇಳದಿದ್ದರೆ ಅದು ಬಾಯಲ್ಲೇ ಉಳಿಯುತ್ತಿತ್ತು.

ಅಕ್ಕ ನನ್ನ ಕಡೆ ನೋಡಿಕೊಂಡೇ ಹೇಳಿದಳು, "ಮಮ್ಮೀನ್ನ ಮಾತ್ರ ಒಯ್ಯೋದು. ಪಪ್ಪಾ ಇಲ್ಲೇ ಇರಲಿ. ಅವರ ಮೇಲೆ ನನಗೆ ಭರೋಸಾ ಇಲ್ಲ."

ಕಾಕಾ ಜಗಳಾಡುತ್ತಾರೆ ಎಂದುಕೊಂಡಿದ್ದೆ. ಅವರು ಕಿತ್ತಳೆಯ ಸಿಪ್ಪೆಯನ್ನು ತಟ್ಟೆಯಲ್ಲಿ ಕೂಡಿಸಿದರು. "ಒಯ್ಯಿ," ಅಂದರು. "ನನ್ನ ಕೈಯಾಗ ಬ್ಯಾಡ. ನಾ ಏನ ಮಾಡೇನಿ ಅಂತ ನನಗ ಗೊತ್ತದ."

ಮೂವತ್ತೆಂಟು ವರ್ಷ ಒಟ್ಟಿಗಿದ್ದವರು. ಕಾಕುವಿಗೆ ಮಗಳ ಹೆಸರು ಒಮ್ಮೊಮ್ಮೆ ತಪ್ಪುತ್ತಿತ್ತು. ಕಾಕಾ ಕೋಣೆಯಿಂದ ಹೊರಗೆ ಹೋದರೆ ಮಾತ್ರ ತಲೆ ತಿರುಗಿಸಿ ಬಾಗಿಲನ್ನೇ ನೋಡುತ್ತಿದ್ದರು. ನಾನು ಆ ಸಂಜೆ ಕಾಕುವಿನ ಒಂಬತ್ತು ಸೀರೆ, ಔಷಧಿ, ವರದಿಗಳ ಕಡತ ಎಲ್ಲವನ್ನೂ ಚೀಲಕ್ಕೆ ತುಂಬಿದೆ. ಏನೂ ಹೇಳಲಿಲ್ಲ. ಹೇಳಿದರೆ ನನಗೇನಾಗುತ್ತದೆ ಎಂದು ಯೋಚಿಸುತ್ತಿದ್ದೆ. ಅಪ್ಪ, ಧಾರವಾಡದ ಮನೆಯವರು, ಇವಳಿಗೆ ಗಿಡದ ವಿಷಯ ಗೊತ್ತು ಎನ್ನುವ ಎಲ್ಲರೂ ನೆನಪಾದರು.

ಮರುದಿನ ಬೆಳಿಗ್ಗೆ ನಾನೇ ಚಹಾ ಮಾಡಿದೆ. ಹೊರಗೆ ಬಂದಾಗ ಕಾಕಾ ಕಾಕುವನ್ನು ಕುರ್ಚಿಯಲ್ಲಿ ಕೂರಿಸಿ ಹಿಂದೆ ನಿಂತು ಹೆರಳು ಹಾಕುತ್ತಿದ್ದರು. ಅದನ್ನು ಈ ತಿಂಗಳಲ್ಲೇ ಕಲಿತದ್ದು. ಅಕ್ಕ ಕಾರಿನವನಿಗೆ ಫೋನ್ ಮಾಡಿ ಮುಗಿಸಿದ್ದಳು. ನಾನು ತಟ್ಟೆಯನ್ನು ಮೇಜಿನ ಮೇಲಿಟ್ಟೆ. ಕೂರಲಿಲ್ಲ.

"ಕಿಂಡಿ ಮುಚ್ಚಲಿಕ್ಕೆ ಹೇಳಿದ್ದು ನಾನು," ಅಂದೆ.

ಕ್ರಮವಾಗಿ ಹೇಳಿದೆ: ತುದಿ ಸುಟ್ಟಿದ್ದು, ಗಿಡಗಳನ್ನು ಬಚ್ಚಲಿಗೆ ಕಳಿಸಿದ್ದು, ಚಿಗುರು ಮುದುರಿದ ಫೋಟೋ, ತಲೆ ಸಿಡಿಯುತ್ತದೆ ಎಂದು ಕಾಕು ಹೇಳಿದ್ದು, ನಾನು ಬರೆದ ಒಂದು ಸಾಲು. ಅಕ್ಕನ ಮುಖ ನೋಡಿದಾಗ ಅವಳಿಗೆ ಅರ್ಧ ಮಾತ್ರ ಹತ್ತಿದೆ ಎಂದು ಗೊತ್ತಾಯಿತು. ಮತ್ತೆ ಮೊದಲಿನಿಂದ ಹಿಂದಿಯಲ್ಲಿ ಹೇಳಿದೆ, ಯಾವುದನ್ನೂ ಬಿಡದೆ. ಎರಡನೆಯ ಸಲ ಹೆಚ್ಚು ಹೊತ್ತು ಹಿಡಿಯಿತು.

ಕಾಕಾನ ಕೈ ಹೆರಳಿನಲ್ಲಿ ನಿಂತಿತ್ತು. "ಆಕಿ ಪಾರಿವಾಳ ಅಂದಿದ್ಲು," ಅಂದರು.

"ಗಿಡಕ್ಕ ಅಂದ್ರ ನೀವು ನಗತೀರಿ ಅಂತ ಹಂಗ ಹೇಳಿದ್ರು ಕಾಕಾ."

"ಹೌದು, ನಗತಿದ್ದೆ," ಅಂದರು. ಆಮೇಲೆ ಬಿಟ್ಟ ಎಳೆಯನ್ನು ಹುಡುಕಿ ಹೆಣೆಯತೊಡಗಿದರು.

ಅಕ್ಕ ಗೀಸರಿನ ಬಗ್ಗೆ ಕೇಳಲಿಲ್ಲ, ಗಿಡದ ಬಗ್ಗೆಯೂ ಕೇಳಲಿಲ್ಲ. "ನಾನು ಪಪ್ಪಾಗೆ ಏನೇನು ಹೇಳ್ದೆ," ಅಂದಳು. "ನೀನು ಎಲ್ಲಾ ಕೇಳ್ತಾ ಇದ್ದಿ."

ನಾನು ಹೌದು ಎಂದೆ.

ಅವಳು ಒಳಗೆ ಹೋದಳು. ಕಪಾಟಿನ ಬಾಗಿಲು ತೆರೆದ ಸದ್ದಾಯಿತು. ಕಾಕಾನ ನಾಲ್ಕು ಅಂಗಿ, ಎರಡು ಪ್ಯಾಂಟು, ಪಂಚೆ ತಂದು ಚೀಲದಲ್ಲಿ ಒತ್ತಿದಳು. ಅವರ ಚಪ್ಪಲಿಯನ್ನು ಬಾಗಿಲ ಬಳಿ ಜೋಡಿಸಿ ಇಟ್ಟಳು. ನನಗೆ ಹೇಳಿದ್ದು ಒಂದೇ, ಚೀಲ ಹಿಡಿ ಎಂದು. ಜಿಪ್ ಎಳೆಯುವಷ್ಟು ಹೊತ್ತು ಎರಡು ಅಂಚನ್ನೂ ಕೂಡಿಸಿ ಹಿಡಿದೆ.

ಮೂರು ಮಹಡಿ ಇಳಿಸಲು ಇಪ್ಪತ್ತು ನಿಮಿಷವಾಯಿತು. ಕಾಕು ಪ್ರತಿ ಮೆಟ್ಟಿಲಿಗೂ ನಿಲ್ಲುತ್ತಿದ್ದರು. ಕಾರಿನಲ್ಲಿ ಕಾಕಾನ ಪಕ್ಕ ಕೂತ ಮೇಲೆ, ಅವರ ಸೆರಗು ಬಾಗಿಲಿಗೆ ಸಿಗದಂತೆ ನಾನು ಒಳಗೆ ಸರಿಸುವಾಗ, ನನ್ನ ಕೈಯನ್ನೂ ಮುಖವನ್ನೂ ನೋಡಿದರು.

"ಯಾರ ಮಗಳವಾ ನೀ?"

ಅಪ್ಪನ ಹೆಸರು ಹೇಳಿದೆ. ಬಾಗಿಲು ಹಾಕಿದೆ. ಕಾರು ಹೋದ ಮೇಲೆ ಮತ್ತೆ ಹತ್ತಿ, ಚಹಾದ ಕಪ್ಪು ತೊಳೆದು, ಗ್ಯಾಸಿನ ಕೊಳವೆಯ ಕೀಲಿ ಮುಚ್ಚಿದೆಯೇ ಎಂದು ಎರಡು ಸಲ ನೋಡಿ, ಮನೆಯ ಬೀಗದ ಕೈಯನ್ನು ಎದುರು ಮನೆಯವರಿಗೆ ಕೊಟ್ಟು, ಅಹಮದಾಬಾದಿನ ಬಸ್ಸು ಹಿಡಿದೆ.